ಜಗಲಿಗೆ ಬಂದ ಸಮುದ್ರ

ನನ್ನ ಹೆಂಡತಿ ಸಮುದ್ರದ ಬಗ್ಗೆ ಸಂಶೋಧನೆ ಮಾಡಿದ್ದು ಹೆಚ್ಚಿನಂಶ ಮಧುಗಿರಿಯ ನಮ್ಮ ಮನೆಯ ನಡುಮನೆಯಲ್ಲಿ ಕೂತು. ಕೇಳಿದವರು ಮೊದಲು ನಗುತ್ತಿದ್ದರು. ನಮ್ಮ ಕಡೆಯವರು ಸಮುದ್ರ ನೋಡಬೇಕೆಂದರೆ ಒಂದಿಡೀ ರಾತ್ರಿ ಬಸ್ಸಿನಲ್ಲಿ ಕುಲುಕಬೇಕು. ಅವಳಿಗೆ ಬೇಕಾದ ಸಮುದ್ರ ಮಾತ್ರ ತಿಂಗಳಿಗೊಮ್ಮೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಸರ್ಕಾರಿ ಬಸ್ಸಿನ ಪಾರ್ಸಲ್ ಆಗಿ ಬರುತ್ತಿತ್ತು. ಅದನ್ನು ಬಸ್ ನಿಲ್ದಾಣದಿಂದ ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ತರುತ್ತಿದ್ದವನು ನಾನು.

ಅವಳು ಕೊರಟಗೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ. ನಾನು ಪತ್ರಿಕೆಯೊಂದರ ವರದಿಗಾರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ನನ್ನ ಸುಪರ್ದಿ. ಕೋರ್ಟು, ಅಪಘಾತ, ಶೇಂಗಾ ಬೆಲೆ, ಮಳೆ. ಮಳೆಗಾಲದಲ್ಲಿ ದಿನವೂ ನಾಲ್ಕು ತಾಲ್ಲೂಕಿನ ಮಳೆ ಪ್ರಮಾಣ ಕಳಿಸಬೇಕು. ಬೀಳದ ಮಳೆಯ ಪ್ರಮಾಣವನ್ನೂ ಕಳಿಸಬೇಕು. ಆ ಮಳೆ ಎಲ್ಲಿಂದ ಹೊರಡುತ್ತದೋ ಆ ಅರಬ್ಬಿ ಸಮುದ್ರ ಅವಳ ಸುಪರ್ದಿಗೆ ಬಂದಿತ್ತು. ನನಗೆ ಮೊದಲು ಚುಚ್ಚಿದ್ದು ಅದು. ಒಂದೇ ಮನೆಯಲ್ಲಿ ಇಬ್ಬರು ಸುದ್ದಿ ಹುಡುಕುವವರು. ಒಬ್ಬನಿಗೆ ಮಳೆಯ ಕೊನೆ, ಇನ್ನೊಬ್ಬಳಿಗೆ ಮೂಲ.

ಅವಳ ವಿಷಯ ಪ್ಲವಕಗಳು. ಸಮುದ್ರದಲ್ಲಿ ಈಜುವ ಶಕ್ತಿಯಿಲ್ಲದೆ, ನೀರು ಒಯ್ದ ಕಡೆ ತೇಲುವ ಸಣ್ಣ ಜೀವಿಗಳಿಗೆಲ್ಲ ಆ ಹೆಸರು. ಅವುಗಳಲ್ಲಿ ಡಯಾಟಮ್ ಎಂಬುದು ಗಾಜಿನ ಚಿಪ್ಪು ಹೊದ್ದ ಸಸ್ಯ. ಬಿಸಿಲು ತಿಂದು ಬೆಳೆಯುತ್ತದೆ. ಅದನ್ನು ತಿಂದು ಮೀನು ಬೆಳೆಯುತ್ತದೆ. ಸಮುದ್ರ ಬಿಸಿಯಾಗುತ್ತಿರುವಾಗ ಇವುಗಳ ಗತಿ ಏನಾಗುತ್ತಿದೆ ಎಂದು ಅವಳು ಪ್ರತಿ ತಿಂಗಳ ಬಾಟಲಿಯ ನೀರಿನಿಂದ ಹನಿ ತೆಗೆದು ಎಣಿಸುತ್ತಿದ್ದಳು.

ಬಾಟಲಿ ಕಳಿಸುತ್ತಿದ್ದವರು ಕರಾವಳಿಯ ಸಂಶೋಧನಾ ಕೇಂದ್ರವೊಂದರ ವಿಜ್ಞಾನಿ, ಅವಳ ಮಾರ್ಗದರ್ಶಕರು. ವಯಸ್ಸು ಹೆಚ್ಚುಕಡಿಮೆ ನನ್ನದೇ. ಸಂಜೆ ಅವರ ಫೋನ್ ಬರುತ್ತಿತ್ತು. ನೋಡಿದ್ದನ್ನು ನೋಡಿದಷ್ಟೇ ಬರೆಯುವುದು ನನ್ನ ಅಭ್ಯಾಸ, ಹಾಗಾಗಿ ನೋಡಿದ್ದನ್ನು ಹೇಳುತ್ತೇನೆ. ಅವಳು ಫೋನ್ ಹಿಡಿದು ಬೇರೆ ಕೋಣೆಗೆ ಹೋಗುತ್ತಿರಲಿಲ್ಲ. ನನ್ನೆದುರೇ, ಅವರೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದಳು. ಮಾತೆಲ್ಲ ಪ್ಲವಕಗಳದ್ದೇ. ನಡುವೆ ಒಮ್ಮೊಮ್ಮೆ ನಗುತ್ತಿದ್ದಳು. ಅನುಮಾನ ಪಡುವಂಥದ್ದು ಒಂದೂ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಅನುಮಾನ ಬೇಕಾಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಇಬ್ಬರು ಒಂದೇ ವಸ್ತುವನ್ನು ನೋಡಿ ಒಟ್ಟಿಗೆ ಬೆರಗಾಗುವುದನ್ನು ಹೊರಗೆ ನಿಂತು ಕೇಳುವುದೇ ಸಾಕು.

ಆ ವರ್ಷ ಅವಳಿಗೆ ಒಂದು ಆಸೆ ಹುಟ್ಟಿತ್ತು. ಚಳಿಗಾಲದ ಕೊನೆಗೆ ಸಂಶೋಧನಾ ಹಡಗೊಂದು ಅರಬ್ಬಿ ಸಮುದ್ರಕ್ಕೆ ಹೋಗುತ್ತಿತ್ತು; ಅದರಲ್ಲಿ ಹೊರಗಿನವರೊಬ್ಬರಿಗೆ ಜಾಗವಿತ್ತು. ಆ ಹೊತ್ತಿಗೆ ಸಮುದ್ರದಲ್ಲಿ ನಾಕ್ಟಿಲೂಕಾ ಎಂಬ ಪ್ಲವಕ ಹಸಿರಾಗಿ ಹಬ್ಬುತ್ತದೆ. ಅದರ ಮೈ ತುಂಬಾ ಮೆದು. ಕೆಡದಿರಲೆಂದು ಬಾಟಲಿಗೆ ಹಾಕುವ ಔಷಧದ ನೀರಿಗೆ ಬಿದ್ದರೆ ಮುದುಡಿ ಸುಕ್ಕಾಗುತ್ತದೆ. ಅವಳು ಅಷ್ಟು ಕಾಲ ಎಣಿಸಿದ್ದೆಲ್ಲ ಸುಕ್ಕಾದ ಹೆಣಗಳನ್ನು.

"ಒಂದ್ಸಲ ಜೀವಂತ ನೋಡ್ಬೇಕು ರೀ," ಎಂದಿದ್ದಳು. "ಫೋಟೋದಲ್ಲಿ ಮಾತ್ರ ನೋಡಿರೋ ಮನುಷ್ಯನ ಬಗ್ಗೆ ನೀವು ಬರೀತೀರಾ?"

"ಎಷ್ಟೋ ಸಲ ಬರ್ದಿದೀನಿ," ಎಂದೆ.

"ಅದಕ್ಕೇ ನಿಮ್ಮ ಪೇಪರ್ ಹಂಗಿರೋದು."

ಹಡಗಿನ ಜಾಗಕ್ಕೆ ಮಾರ್ಗದರ್ಶಕರ ಶಿಫಾರಸು ಬೇಕು. ಅವರು ಕೊಡಬೇಕಾದರೆ ಅವಳ ಎಣಿಕೆ ಕೇಂದ್ರದ ಎಣಿಕೆಗೆ ಹೊಂದಬೇಕು. ಪ್ರತಿ ತಿಂಗಳ ನೀರನ್ನು ಅವರು ಎರಡು ಪಾಲು ಮಾಡಿ ಒಂದನ್ನು ತಮ್ಮಲ್ಲೇ ಇಟ್ಟುಕೊಂಡು ಇನ್ನೊಂದನ್ನು ನಮ್ಮ ಮನೆಗೆ ಕಳಿಸುತ್ತಿದ್ದರು.

ಇಷ್ಟರಲ್ಲಿ ನಮ್ಮಮ್ಮ ಸಂಶೋಧನೆಗೆ ಕೈ ಹಾಕಿದರು.

ನಮ್ಮದು ಲಿಂಗಪೂಜೆಯ ಮನೆ. ಮೀನು ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಬಾಟಲಿಯಲ್ಲಿರುವುದು ಸಮುದ್ರದ ಪಾಚಿ ಎಂದು ಹೇಳಿದ್ದರಿಂದ ಅಮ್ಮ ಸುಮ್ಮನಿದ್ದರು. ಒಂದು ಭಾನುವಾರ, ಸೊಸೆ ಇಷ್ಟು ಹೊತ್ತು ಕಣ್ಣು ಕೀಲಿಸಿ ನೋಡುವುದೇನು ಎಂದು ತಾವೇ ಸೂಕ್ಷ್ಮದರ್ಶಕದ ಮುಂದೆ ಕೂತರು.

"ಬಳೆ ಚೂರು ಚೆಲ್ಲಿದಂಗೆ ಕಾಣ್ತದಲ್ಲಮ್ಮ!"

"ಅದೇ ಡಯಾಟಮ್ಮು ಅತ್ತೆ. ಸಮುದ್ರದ ಹುಲ್ಲು ಅಂದ್ಕೊಳ್ಳಿ."

"ಹುಲ್ಲಾ? ಸರಿ ಬುಡು. ಹುಲ್ಲಾದ್ರೆ ಇರ್ಲಿ."

ಅವಳು ಗಾಜಿನ ಪಟ್ಟಿ ಬದಲಿಸಿದಳು.

"ಇದೇನಿದು, ದ್ರಾಕ್ಷಿ ಹಣ್ಣು ಬಾಡ್ದಂಗೆ? ಬಾಲ ಬೇರೆ ಐತೆ."

"ನಾಕ್ಟಿಲೂಕಾ ಅಂತ."

"ಹೊಟ್ಟೇಲೇನೋ ಕಡ್ಡಿ ಸಿಕ್ಕಾಕ್ಕೊಂಡೈತಲ್ಲ?"

"ಕಡ್ಡಿ ಅಲ್ಲ ಅತ್ತೆ, ಆವಾಗ್ಲೇ ನೋಡಿದ್ರಲ್ಲ ಡಯಾಟಮ್ಮು. ನುಂಗಿದೆ."

ಅಮ್ಮ ತಲೆ ಎತ್ತಿದರು. "ನುಂಗ್ತದಾ? ತಿನ್ನೋದು ಅಂದ್ಮೇಲೆ ಹುಳ ಕಣಮ್ಮ ಅದು! ಲಿಂಗ ಇಟ್ಕೊಂಡಿರೋ ಮನೇಲಿ ಹುಳ ಮಡಿಕ್ಕೊಂಡು ಕೂರಾಕಾಯ್ತದಾ?"

"ಪೂರ್ತಿ ಹುಳ ಅಲ್ಲ ಅತ್ತೆ. ಅದ್ರ ಒಳಗೆ ಹಸಿರು ಪಾಚಿ ಬದುಕಿರುತ್ತೆ. ಅವು ಬಿಸಿಲಲ್ಲಿ ಅಡುಗೆ ಮಾಡಿ ಇದಕ್ಕೂ ಬಡಿಸ್ತವೆ. ಅರ್ಧ ಗಿಡ ಅಂತ್ಲೇ ಅನ್ಬೋದು."

"ಮನೇಲಿ ಅಡ್ಗೆಯೋರ್ನ ಮಡಿಕ್ಕೊಂಡು, ಬೀದೀಲೂ ತಿಂದ್ಕೊಂಡು ಬರ್ತದೆ ಅನ್ನು. ಅದ್ನ ಜಗಲಿಗೆ ಆಕು."

ಅವಳು ನಕ್ಕುಬಿಟ್ಟಳು. ಸಂಜೆಯ ಫೋನಿನಲ್ಲಿ ಇದೇ ಮಾತನ್ನು ಹೇಳಿದಾಗ ಆ ಕಡೆಯಿಂದಲೂ ನಗು ಕೇಳಿಸಿತು. ನನಗೆ ಬಂದದ್ದು ನಗುವಲ್ಲ. ಇಷ್ಟು ವರ್ಷದಲ್ಲಿ ಅಮ್ಮ ನನ್ನ ಒಂದು ಸುದ್ದಿಯ ಬಗ್ಗೆಯೂ ಪ್ರಶ್ನೆ ಕೇಳಿದವರಲ್ಲ. ಪತ್ರಿಕೆಯಲ್ಲಿ ಅವರು ನೋಡುವುದು ಪಂಚಾಂಗ, ಮತ್ತೆ ಯಾರು ತೀರಿಕೊಂಡರು ಎಂಬುದು.

ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಸಮುದ್ರದಲ್ಲಿ ಸಣ್ಣ ಕಣ್ಣಿನ ಬಲೆಯಿಂದ ಸೋಸಿ ತುಂಬಿದ ಬಾಟಲಿಗಳಲ್ಲಿ ಹೆಚ್ಚಾಗಿ ಡಯಾಟಮ್. ಅವು ನಡುಮನೆಯ ಬೀರುವಿನಲ್ಲಿ. ದೊಡ್ಡ ಕಣ್ಣಿನ ಬಲೆಯವುಗಳಲ್ಲಿ ನಾಕ್ಟಿಲೂಕಾ ಮತ್ತು ಅದರಂಥ ತಿನ್ನುವ ಜೀವಿಗಳು. ಅವು ಜಗಲಿಯ ಮರದ ಹಲಗೆಯ ಮೇಲೆ. ಬಾಟಲಿ ನೋಡಿ ಅಮ್ಮನೇ ಹೇಳುತ್ತಿದ್ದರು: "ಇದು ಹುಲ್ಲು, ಒಳಕ್ಕೆ. ಇದು ಹುಳ, ಆಚೆಗೆ."

ಕಾಲೇಜಿನ ಕೆಲಸದಲ್ಲಿ ಅವಳ ಎಣಿಕೆ ಹಿಂದೆ ಬಿದ್ದಿತ್ತು. ಕೆಲವು ತಿಂಗಳಾದ ಮೇಲೆ ಹಳೆಯ ಬಾಟಲಿಗಳನ್ನು ಎಣಿಸಿದಾಗ ಅಂತರ ಕಾಣಿಸಿತು.

ಕರಾವಳಿಯ ಎಣಿಕೆಯ ಪ್ರಕಾರ, ಹಿಂದಿನ ಚಳಿಗಾಲದ ನೀರಿನಲ್ಲಿ ಡಯಾಟಮ್ ಇಳಿದು ನಾಕ್ಟಿಲೂಕಾ ಏರಿತ್ತು. ಅದಕ್ಕೆ ಅವರು ಕೊಡುತ್ತಿದ್ದ ಕಾರಣವನ್ನು ಅವಳು ನನಗೆ ತಿಳಿಯುವಂತೆ ಹೇಳಿದ್ದಳು. ಚಳಿಗಾಲದ ಒಣಗಾಳಿ ಮೇಲಿನ ನೀರನ್ನು ತಣ್ಣಗೆ ಮಾಡಿದರೆ ಅದು ಭಾರವಾಗಿ ಕೆಳಗಿಳಿಯುತ್ತದೆ, ತಳದ ಗೊಬ್ಬರದ ನೀರು ಮೇಲೆ ಬರುತ್ತದೆ. ಡಯಾಟಮ್ ಬೆಳೆಯುವುದು ಆ ಗೊಬ್ಬರದಲ್ಲಿ. ಸಮುದ್ರದ ಮೇಲ್ಪದರ ಬಿಸಿಯಾಗುತ್ತಾ ಹೋದರೆ ಅದು ಮುಚ್ಚಳದ ಹಾಗೆ ಕೂರುತ್ತದೆ, ನೀರು ಸರಿಯಾಗಿ ಕಲಕುವುದಿಲ್ಲ. ನಾಕ್ಟಿಲೂಕಾಕ್ಕೆ ಅದರ ಚಿಂತೆ ಕಡಿಮೆ: ಒಳಗೆ ಅಡುಗೆಯವರು, ಹೊರಗೆ ಬೇಟೆ, ಆಮ್ಲಜನಕ ಕಮ್ಮಿಯಾದರೂ ಬದುಕುತ್ತದೆ. ಮೀನುಗಳಿಗೆ ಮಾತ್ರ ಅದು ಅಷ್ಟಾಗಿ ಆಹಾರವಲ್ಲ. ಅದನ್ನು ಮೇಯುವುದು ಹೆಚ್ಚಾಗಿ ಲೋಳೆಮೀನಿನಂಥವು.

ಇವಳ ಎಣಿಕೆಯಲ್ಲಿ ಆ ಏರಿಕೆಯ ಸುಳಿವೇ ಇರಲಿಲ್ಲ. ಡಯಾಟಮ್ ಅವರ ಎಣಿಕೆಯಷ್ಟೇ ಇತ್ತು. ನಾಕ್ಟಿಲೂಕಾ ಮಾತ್ರ ಅಲ್ಲೊಂದು ಇಲ್ಲೊಂದು. ಮತ್ತೆ ಎಣಿಸಿದಳು. ಅಷ್ಟೇ ಬಂತು. ಸಂಜೆಯ ಮಾತು ಚಿಕ್ಕದಾಯಿತು, ನಗು ನಿಂತಿತು.

"ಹೊಂದ್ಲಿಲ್ಲ ಅಂದ್ರೆ ಹಡಗಿಲ್ಲ," ಎಂದಳು. "ಅವರು ಬೈಯಲ್ಲ. ಬೈಯದೇನೇ ಬೇರೆಯವರ ಹೆಸರು ಕಳಿಸ್ತಾರೆ."

"ಅವರದ್ದೇ ತಪ್ಪಿರಬಹುದಲ್ಲ?"

"ಇರಬಹುದು." ಅವಳು ನನ್ನನ್ನೇ ನೋಡಿದಳು. "ನಿಮಗೆ ಹಂಗಿದ್ರೆ ಖುಷಿಯಾ?"

ಖುಷಿಯಾಗುತ್ತಿತ್ತು. ಅವರ ಎಣಿಕೆ ತಪ್ಪೆಂದು ತೀರ್ಮಾನವಾಗಲಿ, ಮಧುಗಿರಿಯ ನಡುಮನೆಯ ಎಣಿಕೆಯೇ ಸರಿಯಾಗಲಿ, ಸಮುದ್ರಕ್ಕೇನೂ ಆಗಿಲ್ಲ ಎಂದು ಗೊತ್ತಾಗಲಿ ಎಂದು ಆ ದಿನಗಳಲ್ಲಿ ಬಯಸಿದ್ದೆ. ಆ ಬಯಕೆಯಲ್ಲಿ ಸಮುದ್ರದ ಮೇಲಿನ ಕಾಳಜಿ ಎಷ್ಟಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಫೋನಿನಲ್ಲಿ ಬಗೆಹರಿಯದ್ದರಿಂದ ಮಾರ್ಗದರ್ಶಕರೇ ಬರುತ್ತೇನೆಂದರು. ಬೆಂಗಳೂರಿಗೆ ಹೋಗುವ ಕೆಲಸವಿತ್ತಂತೆ. ಶಿರಾದಲ್ಲಿ ಇಳಿದು ಮಧುಗಿರಿ ಬಸ್ಸು ಹಿಡಿದರು. ನಿಲ್ದಾಣದಿಂದ ಕರೆತರಲು ನಾನೇ ಹೋದೆ. ಅಷ್ಟು ಕಾಲ ಅವರ ಪೆಟ್ಟಿಗೆ ಕೂತ ಬೈಕಿನಲ್ಲಿ ಅವರೇ ಕೂತರು. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ನಗುವಾಗ ಮುಚ್ಚುವ ಕಣ್ಣು. ನಮ್ಮೂರ ಬೆಟ್ಟ ನೋಡಿ, "ಅಬ್ಬ, ಒಂದೇ ಕಲ್ಲಾ ಮಾರಾಯ್ರೆ!" ಎಂದರು. ಊರಿಗೆ ಬರುವವರೆಲ್ಲ ಹೇಳುವ ಮಾತೇ. ನಾನು ಹೌದೆಂದೆ.

ಊಟಕ್ಕೆ ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದರು. ಅತಿಥಿ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದರು.

"ಅಗೀಬ್ಯಾಡ ಕಣಪ್ಪ, ನುಂಗು," ಎಂದರು ಅಮ್ಮ.

"ನಾಕ್ಟಿಲೂಕಾದ ಹಾಗೆಯಾ ಅಮ್ಮ?"

ಅಮ್ಮ ನಕ್ಕ ನಗು ಅಡುಗೆಮನೆಯ ಪಾತ್ರೆಗೆ ಕೇಳಿಸುವಷ್ಟಿತ್ತು. "ನೀನು ಮೀನು ತಿನ್ನೋನಾ?"

"ತಿನ್ನುವವನೇ. ಇವತ್ತಿಲ್ಲ."

"ನಿಜ ಹೇಳ್ತೀಯಲ್ಲ, ಅಷ್ಟು ಸಾಕು. ಇನ್ನೊಂದ್ ಮುದ್ದೆ ಆಕ್ಲಾ?"

ನನ್ನ ತಟ್ಟೆ ಖಾಲಿಯಾಗಿತ್ತು. ಅದನ್ನು ಯಾರೂ ನೋಡಲಿಲ್ಲ. ಕೈ ತೊಳೆದು ಜಗಲಿಗೆ ಬಂದೆ.

ಬಿಸಿಲು ಪಶ್ಚಿಮಕ್ಕೆ ವಾಲಿತ್ತು. ನಮ್ಮ ಜಗಲಿಗೆ ಮಧ್ಯಾಹ್ನದ ಮೇಲೆ ಬಿಸಿಲು ನೇರ ಬೀಳುತ್ತದೆ, ಜೊತೆಗೆ ಕಾದ ಬೆಟ್ಟದ ಬಂಡೆಯ ಝಳ ಸಂಜೆಯವರೆಗೂ ಬಡಿಯುತ್ತದೆ. ಅಮ್ಮ ಹಪ್ಪಳ ಒಣಗಿಸುವುದು ಅಲ್ಲೇ. ಹಲಗೆಯ ಮೇಲಿನ ಬಾಟಲಿಗಳನ್ನು ದಿನವೂ ದಾಟಿ ಓಡಾಡುತ್ತಿದ್ದೆ. ಆವತ್ತು ಮಾಡಲು ಬೇರೇನೂ ಇಲ್ಲದೆ ನಿಂತು ನೋಡಿದೆ. ಹೊಸದಾಗಿ ಬಂದ ಬಾಟಲಿಯ ನೀರು ಕಷಾಯದ ಬಣ್ಣಕ್ಕಿತ್ತು. ಅದರ ಹಿಂದಿನ ತಿಂಗಳದ್ದು ನಿಂಬೆ ಪಾನಕದ ಹಾಗೆ. ಹಳೆಯವು ಬರೀ ನೀರು. ಒಳಗೆ ಬೀರುವಿನಲ್ಲಿರುವ ಅಷ್ಟೇ ಹಳೆಯ ಬಾಟಲಿಗಳು ಕಷಾಯದ ಬಣ್ಣದಲ್ಲೇ ಇದ್ದದ್ದು ನನಗೆ ನೆನಪಿತ್ತು.

ಆ ಬಣ್ಣ ಏನೆಂದು ನನಗೆ ಗೊತ್ತಿರಲಿಲ್ಲ. ಆದರೆ ಒಂದೇ ನೀರು ಎರಡು ಕಡೆ ಎರಡು ಬಣ್ಣವಾದರೆ ಯಾಕೆಂದು ಕೇಳಬೇಕೆಂಬುದು ನನ್ನ ಕಸುಬಿನ ಮೊದಲ ಪಾಠ. ಕೇಳಿದರೆ ಏನಾಗಬಹುದು ಎಂಬುದೂ ಅಲ್ಲೇ ನಿಂತಿದ್ದಾಗ ಹೊಳೆಯಿತು. ಕರಾವಳಿಯ ಎಣಿಕೆ ಗೆಲ್ಲಬಹುದು. ಅವಳು ಹಡಗು ಹತ್ತಬಹುದು. ಒಳಗೆ ಮೂವರೂ ಏನೋ ಮಾತಿಗೆ ಮತ್ತೆ ನಕ್ಕರು.

ಒಳಗೆ ಹೋಗಿ, "ಜಗಲಿ ಮೇಲಿರೋ ಬಾಟಲಿ ಯಾಕೆ ಬೆಳ್ಳಗಾಗಿವೆ?" ಎಂದು ಕೇಳಿದೆ.

ಅವಳು ಎಂಜಲು ಕೈಯಲ್ಲೇ ಎದ್ದು ಓಡಿದಳು. ಮಾರ್ಗದರ್ಶಕರು ಹಿಂದೆ ಬಂದು ಬಾಟಲಿಯೊಂದನ್ನು ಬೆಳಕಿಗೆ ಹಿಡಿದರು. ನೀರಿಗೆ ಹಾಕುವ ಔಷಧದಲ್ಲಿ ಅಯೋಡಿನ್ ಇರುತ್ತದೆ, ಬಿಸಿಲಿಗೆ ಕಾವಿಗೆ ಅದು ಹೋಗಿಬಿಡುತ್ತದೆ ಎಂದು ನನಗೆ ವಿವರಿಸಿದರು. ಔಷಧ ಹೋದ ಮೇಲೆ ಮೆದು ಮೈಯವು ಕರಗುತ್ತವೆ. ಗಾಜಿನ ಚಿಪ್ಪಿನ ಡಯಾಟಮ್‌ಗಳಿಗೆ ಅಷ್ಟು ಬೇಗ ಏನೂ ಆಗುವುದಿಲ್ಲ. ಅವು ಹೇಗಿದ್ದರೂ ಒಳಗಿದ್ದವು.

"ಕತ್ತಲಲ್ಲಿ ಇಡ್ಬೇಕು ಅಂತ ನನಗೆ ಗೊತ್ತಿತ್ತು ಸರ್," ಎಂದಳು ಅವಳು. "ಹಲಗೆ ಮೇಲೆ ಗೋಣಿಚೀಲ ಮುಚ್ಚಿದ್ದೆ."

"ಹಪ್ಪಳಕ್ಕೆ ಹಾಸಕ್ಕೆ ನಾನೇ ತಗೀತಿದ್ದೆ ಕಣಮ್ಮ ಆ ಚೀಲವ," ಎಂದರು ಅಮ್ಮ. ಬಾಟಲಿಗಳ ಕಡೆ ನೋಡಿ, "ಜಗಲಿಗೆ ಆಕ್ಸಿದ್ದೂ ನಾನೇಯ. ಅಂಗಾದ್ರೆ ಅವಳ ಓದು ಕೆಟ್ಟಿದ್ದು ನನ್ನಿಂದ್ಲಾ?"

"ತಪ್ಪು ಬಿಸಿಲಿನದ್ದು ಅಮ್ಮ," ಎಂದರು ಅವರು. "ನಮ್ಮಲ್ಲಿ ಇದರ ಇನ್ನೊಂದು ಪಾಲು ಉಂಟಲ್ಲ, ಕತ್ತಲಲ್ಲೇ ಉಂಟು. ಇವರು ಬಂದು ಅದನ್ನು ಎಣಿಸಿದರೆ ಆಯಿತು."

ಅಮ್ಮನಿಗೆ ಆ ಮಾತು ಹೇಳಬೇಕಾದವನು ಮಗನಾದ ನಾನು. ನನ್ನ ಬಾಯಿಂದ ಹೊರಡುವ ಮೊದಲೇ ಅವರು ಹೇಳಿಬಿಟ್ಟಿದ್ದರು, ಅದೂ ನನಗಿಂತ ಚೆನ್ನಾಗಿ. ಅವಳು ನನ್ನ ಕಡೆ ತಿರುಗಿ, "ಸದ್ಯ ನೋಡಿದ್ರಲ್ಲ ರೀ," ಎಂದಳು. ಕಣ್ಣಲ್ಲಿ ನೀರಿತ್ತು. ಅದು ನನಗೆ ಸಂದ ಪಾಲು. ಸಾಲಲಿಲ್ಲ.

ಅಮ್ಮ ಒಳಗೆ ಹೋಗಿ ರಾಗಿ ಡಬ್ಬಗಳನ್ನು ದಡಬಡ ಸರಿಸಿದರು. "ಇಲ್ಲಿ ಕತ್ಲೈತೆ, ತಣ್ಣಗೈತೆ. ಹುಳವೋ ಹುಲ್ಲೋ, ತಂದಿಡ್ರಿ. ದೇವ್ರ ಮನೆ ಕಡೆ ಮಾತ್ರ ಮಕ ಮಾಡಿಸ್ಬ್ಯಾಡ್ರಿ."

ದಸರಾ ರಜೆಯಲ್ಲಿ ಅವಳು ಕರಾವಳಿಗೆ ಹೋಗಿ ಅಲ್ಲಿದ್ದ ಪಾಲನ್ನು ಎಣಿಸಿದಳು. ಆ ರಜೆಯ ಸಂಜೆಗಳಲ್ಲಿ ಫೋನ್ ಬರುತ್ತಿದ್ದದ್ದು ನನಗೆ. ಆ ಕಡೆ ಅವಳು, ಅವಳ ಹಿಂದೆ ಅವರ ಧ್ವನಿ, ಬಲೆ ತೊಳೆಯುವ ಸದ್ದು, ಯಾರೋ ಚಹಾ ಬೇಕಾ ಎನ್ನುವುದು. ಒಂದು ಸಂಜೆ ಹೇಳಿದಳು: "ಅವರ ಎಣಿಕೆಯೇ ಸರಿ ರೀ. ಬಾಟಲಿ ತುಂಬ ಅದೇ ಇದೆ." ಗೆದ್ದವಳ ಧ್ವನಿಯೋ ಸೋತವಳದ್ದೋ ತಿಳಿಯಲಿಲ್ಲ. ಶಿಫಾರಸು ಹೋಯಿತು. ಜಾಗ ಸಿಕ್ಕಿತು.

ಹಡಗು ಹೊರಡುವುದು ಶಿವರಾತ್ರಿಯ ಆಸುಪಾಸು ಎಂದು ತಿಳಿದಾಗ ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹುರಿಹಿಟ್ಟು ಮಾಡಲು ರಾಗಿ ನೆನೆಹಾಕಿದರು. "ಉಪ್ಪು ನೀರಿನ ಮ್ಯಾಲೆ ಅನ್ನ ಸೇರ್ತದೋ ಇಲ್ವೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹೋಗು ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಸುದ್ದಿ ನಮ್ಮ ಕಚೇರಿಗೂ ಮುಟ್ಟಿತು. ಬರೆದುಕೊಡು ಎಂದು ಸಂಪಾದಕರು ಕೇಳಿದರು. ಮನೆಯವರ ಬಗ್ಗೆ ಬರೆಯುವುದಿಲ್ಲ ಎಂಬುದು ನಾನು ಕೆಲಸಕ್ಕೆ ಸೇರಿದಾಗಿನಿಂದ ಇಟ್ಟುಕೊಂಡ ನಿಯಮ, ಬರೆಯಲಿಲ್ಲ. ಕರಾವಳಿಯ ನಮ್ಮ ವರದಿಗಾರ ಬರೆದ. ಹಡಗುಕಟ್ಟೆಯಲ್ಲಿ ನಿಂತ ನನ್ನ ಹೆಂಡತಿಯ ಚಿತ್ರದೊಂದಿಗೆ, ಅವನ ಹೆಸರಿನಲ್ಲಿ ಅಚ್ಚಾಯಿತು. ನಾಕ್ಟಿಲೂಕಾವನ್ನು ಅವನು ಸಮುದ್ರದ ಕಳೆ ಎಂದಿದ್ದ. ಅದೇ ಪುಟದ ಕೆಳಗೆ ನನ್ನ ಪಾವಗಡದ ಶೇಂಗಾ ಬೆಲೆ. ಅಮ್ಮ ಆ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡರು. ಹಾಳೆಯ ಹಿಂಬದಿಯಲ್ಲಿದ್ದ ನನ್ನದೇ ಇನ್ನೊಂದು ಸುದ್ದಿಯೂ ಅದರೊಂದಿಗೆ ತುಂಡಾಯಿತು.

ಅವಳು ವಾಪಸಾದಾಗ ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಸ್ನಾನ, ಊಟ, ಅಮ್ಮನ ಪ್ರಶ್ನೆಗಳು ಎಲ್ಲ ಮುಗಿಯುವವರೆಗೆ ಕಾದೆ. ಮಾರನೆಯ ಬೆಳಿಗ್ಗೆ ಕೊರಟಗೆರೆಯ ಕಾಲೇಜಿಗೆ ಬಿಡಲು ಹೋಗುವಾಗ ದಾರಿಯಲ್ಲಿ ಬೈಕ್ ನಿಲ್ಲಿಸಿ ಕೇಳಿದೆ.

"ಕಂಡ್ತಾ?"

"ಕಂಡ್ತು. ಬೆಳಗಾಗೆದ್ದು ಮೇಲೆ ಬಂದ್ರೆ ನೀರೇ ಹಸಿರು. ಬಟಾಣಿ ಅರೆದು ಚೆಲ್ಲಿದಂಗೆ. ಕಣ್ಣು ಹೋದಷ್ಟು ದೂರ. ಬಕೆಟ್‌ನಲ್ಲಿ ಎತ್ತಿ ಗಾಜಿನ ಲೋಟಕ್ಕೆ ಹಾಕ್ಕೊಂಡು ನೋಡಿದೆ. ಒಂದೊಂದೂ ದುಂಡಗೆ, ತುಂಬ್ಕೊಂಡು, ಮೇಲೆ ಕೆಳಗೆ ಆಡ್ತಿದ್ವು." ಅಂಗೈಯನ್ನೇ ಲೋಟದಂತೆ ಎತ್ತಿ ತೋರಿಸಿದಳು. "ಎಷ್ಟು ಚೆನ್ನಾಗಿತ್ತು ಗೊತ್ತಾ ರೀ. ಅದೇ ಬೇಜಾರು. ಅಷ್ಟೊಂದು ಇರಬಾರದಿತ್ತು. ಡಯಾಟಮ್ಮು ಹುಡುಕಬೇಕಿತ್ತು."

"ಪ್ರತಿ ವರ್ಷ ಹಿಂಗೇ ಆಗುತ್ತಾ?"

"ಗೊತ್ತಿಲ್ಲ. ಒಂದು ವರ್ಷ ನೋಡಿ ಹೇಳಕ್ಕಾಗಲ್ಲ. ನೀವು ಬರೆದ್ಬಿಟ್ಟೀರಿ."

"ಬರೆಯಲ್ಲ." ಕೇಳಬೇಕೆಂದಿದ್ದ ಪ್ರಶ್ನೆ ಅದಾಗಿರಲಿಲ್ಲ. "ಆಗ ಪಕ್ಕದಲ್ಲಿ ಯಾರಿದ್ರು?"

ಅವಳು ನನ್ನ ಮುಖ ನೋಡಿದಳು. ಅರ್ಥವಾಯಿತೆಂದು ಗೊತ್ತಾಯಿತು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ.

"ಸರ್‌ಗೆ ಹಡಗು ಹತ್ತಿದ್ರೆ ಮೂರು ದಿನ ವಾಂತಿ. ಒಳಗೆ ಮಲಗಿದ್ರು. ಮೇಲೆ ಬಂದಾಗ ಮಧ್ಯಾಹ್ನ ಆಗಿತ್ತು." ಆಮೇಲೆ ಹೇಳಿದಳು: "ನನ್ನ ಪಕ್ಕ ಯಾರೂ ಇರಲಿಲ್ಲ. ಬೇಕು ಅಂತ ಅನ್ನಿಸ್ಲೂ ಇಲ್ಲ."

ಮೊದಲ ಮಾತಿಗೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಎರಡನೆಯ ಮಾತು ಬಂದದ್ದರಿಂದ ಅದಕ್ಕೆ ಅವಕಾಶವಾಗಲಿಲ್ಲ. ಒಬ್ಬ ಮನುಷ್ಯನಾಗಿದ್ದರೆ ಅವನ ಎತ್ತರ, ನಗು, ಮಾತಿನ ಜೊತೆ ನನ್ನದನ್ನು ಹೋಲಿಸಿ ನೋಡಬಹುದಿತ್ತು. ಹಸಿರಾದ ನೀರಿನೆದುರು, ಕೈಯಲ್ಲಿ ಲೋಟ ಹಿಡಿದು, ಯಾರೂ ಬೇಡವಾಗಿ ನಿಂತ ಹೆಂಗಸಿನ ಹತ್ತಿರ ಹೋಗಲು ನನಗೆ ದಾರಿ ತಿಳಿಯದು.

ಕೊರಟಗೆರೆಯ ಬಸ್ಸೊಂದು ಹಾರ್ನ್ ಹಾಕುತ್ತಾ ದಾಟಿಹೋಯಿತು. ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಕೂತಳು.

"ಬರೋ ವರ್ಷಕ್ಕೂ ಅರ್ಜಿ ಹಾಕ್ಲಾ?"

ಬೇಡ ಎನ್ನಲು ನನ್ನ ಬಳಿ ಹೇಳಿಕೊಳ್ಳುವಂಥ ಕಾರಣ ಒಂದೂ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು, ಅದು ಇವತ್ತಿಗೂ ಇದೆ.

"ಹಾಕು," ಎಂದು ಬೈಕ್ ಶುರು ಮಾಡಿದೆ.